ಸಟ್ಟುಗ ಯಾರ ಕೈಯಲ್ಲಿ?

ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಪರ್ಯಾಯ ನಡೆಯುತ್ತದೆ. ಕೃಷ್ಣಮಠದ ಪೂಜೆಯ ಹೊಣೆ ಅಷ್ಟಮಠಗಳಲ್ಲಿ ಒಂದರಿಂದ ಮತ್ತೊಂದಕ್ಕೆ ದಾಟುವ ಹೊತ್ತು ಅದು. ಅಧಿಕಾರ ಬಿಟ್ಟುಕೊಡುವ ಸ್ವಾಮಿಗಳು ವಹಿಸಿಕೊಳ್ಳುವ ಸ್ವಾಮಿಗಳಿಗೆ ಗರ್ಭಗುಡಿಯ ಕೀಲಿಕೈಯ ಜೊತೆ ಇನ್ನೆರಡು ವಸ್ತುಗಳನ್ನು ಒಪ್ಪಿಸುತ್ತಾರೆ: ಅಕ್ಷಯಪಾತ್ರೆ ಮತ್ತು ಸಟ್ಟುಗ. ಅದಕ್ಕೂ ಎಷ್ಟೋ ತಿಂಗಳು ಮುಂಚಿನಿಂದ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂದು ಒಂದೊಂದಾಗಿ ಮುಗಿದಿರುತ್ತವೆ. ಊಟಕ್ಕೆ ಬರುವ ಜನಕ್ಕೆ ಎಲೆ ಎಲ್ಲಿಂದ, ಅಕ್ಕಿ ಎಲ್ಲಿಂದ, ಸೌದೆ ಎಲ್ಲಿಂದ ಎನ್ನುವುದಕ್ಕೆ ಇಷ್ಟು ಶಿಸ್ತಿನ ತಯಾರಿಯನ್ನು ನಾನು ಯಾವ ಸಾಫ್ಟ್‌ವೇರ್ ಪ್ರಾಜೆಕ್ಟಿನಲ್ಲೂ ಕಂಡಿಲ್ಲ.

ಆ ಸಟ್ಟುಗ ಗಂಡಸರ ಕೈಯಿಂದ ಗಂಡಸರ ಕೈಗೆ ಹೋಗುತ್ತದೆ. ಮಠದ ಒಲೆಯ ಮುಂದೆ ನಿಲ್ಲುವವರೂ ಗಂಡಸರೇ. ಅದೇ ರಥಬೀದಿಯಿಂದ ನಾಲ್ಕು ಹೆಜ್ಜೆ ದೂರದ ಮನೆಯಲ್ಲಿ ಒಬ್ಬ ಹುಡುಗ ಒಗ್ಗರಣೆ ಸೌಟು ಹಿಡಿದರೆ ಮಾತ್ರ, ‘ಗಂಡುಹುಡುಗನಿಗೆ ಅಡುಗೆಮನೆಯಲ್ಲಿ ಎಂಥ ಕೆಲಸ?’ ಎಂಬ ಪ್ರಶ್ನೆ ಬರುತ್ತದೆ. ಕೇಳುವವರು ಅದನ್ನು ಹಿಂದಿನಿಂದ ಬಂದ ಸಂಪ್ರದಾಯ ಎಂದುಕೊಂಡಿರುತ್ತಾರೆ. ಹಿಂದಿನದನ್ನು ಸ್ವಲ್ಪ ಕೆದಕಿದರೆ ಬೇರೆಯದೇ ಕಾಣುತ್ತದೆ.

ರುಚಿಯಾದ ಅಡುಗೆಗೆ ನಾವು ನಳಪಾಕ ಎನ್ನುತ್ತೇವೆ, ಭೀಮಪಾಕ ಎನ್ನುತ್ತೇವೆ. ದಮಯಂತಿಪಾಕ ಎಂದು ಯಾರೂ ಅಂದದ್ದಿಲ್ಲ. ಕಥೆಯಲ್ಲಿ ಬಾಹುಕನ ವೇಷದಲ್ಲಿರುವವನು ನಳನೇ ಹೌದೋ ಎಂದು ಖಚಿತಪಡಿಸಿಕೊಳ್ಳಲು ದಮಯಂತಿ ಅವನು ಬೇಯಿಸಿದ್ದನ್ನು ತರಿಸಿ ರುಚಿ ನೋಡುತ್ತಾಳೆ. ಗಂಡನ ಕೈರುಚಿ ಹೆಂಡತಿಗೆ ಗೊತ್ತಿತ್ತು ಎಂದಾಯಿತಲ್ಲ! ಇನ್ನು ವಿರಾಟನಗರಿಯ ಅಜ್ಞಾತವಾಸ. ಐವರು ಗಂಡಸರು, ಒಬ್ಬ ಹೆಂಗಸು, ಆರು ಕೆಲಸಗಳು. ಇಂದಿನ ಯಾವ ಮನೆಯವರಿಗಾದರೂ ಈ ಹಂಚಿಕೆಯನ್ನು ಬಿಟ್ಟುಕೊಟ್ಟರೆ ಅಡುಗೆಮನೆ ದ್ರೌಪದಿಯ ಪಾಲಿಗೇ ಬೀಳುತ್ತಿತ್ತು. ಆದರೆ ಅವಳು ರಾಣಿ ಸುದೇಷ್ಣೆಯ ಸೈರಂಧ್ರಿಯಾದಳು. ಅಡುಗೆಮನೆಗೆ ಹೋದವನು ಭೀಮ. ಕನ್ನಡದವರಿಗೆ ಅವನು ವಲಲ. ಅಂತಃಪುರದಲ್ಲಿ ನಾಟ್ಯ ಕಲಿಸಲು ಅರ್ಜುನ ಬೃಹನ್ನಳೆಯಾಗಬೇಕಾಯಿತು. ಅಡುಗೆ ಮಾಡಲು ಭೀಮ ಹೆಸರು ಬದಲಿಸಿದರೆ ಸಾಕಾಯಿತು. ಬಾಣಸಿಗನ ಕೆಲಸದಿಂದ ಗಂಡಸುತನಕ್ಕೆ ಕುಂದು ಎಂದು ಆ ಕಥೆ ಎಲ್ಲೂ ಭಾವಿಸಿಲ್ಲ.

ಪುರಾಣ ಬಿಟ್ಟು ಪುಸ್ತಕಕ್ಕೆ ಬಂದರೂ ಅದೇ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ ಬರೆದ. ಮಳೆ, ಬಾವಿ, ಗಿಡಮರ, ಔಷಧಿಗಳ ನಡುವೆ ಅದರಲ್ಲಿ ಅಡುಗೆಗೆಂದೇ ಒಂದು ಅಧ್ಯಾಯವಿದೆ. ನೂರು ವರ್ಷದ ನಂತರ ಅದೇ ವಂಶದ ಚಕ್ರವರ್ತಿ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಆನೆ, ಕುದುರೆ, ಸಂಗೀತದ ಸಾಲಿನಲ್ಲೇ ಅನ್ನಭೋಗವನ್ನೂ ಇಟ್ಟ. ಮಾಂಸ ಸುಡುವುದು, ಮೀನು ಹೆಚ್ಚುವುದು, ವಡೆಯನ್ನು ಮೊಸರಿನಲ್ಲಿ ನೆನೆಹಾಕುವುದು, ಎಲ್ಲವೂ ಅದರಲ್ಲಿದೆ. 16ನೇ ಶತಮಾನದ ಆರಂಭದಲ್ಲಿ ಹುಣಸೂರಿನ ಕಡೆಯ ಕಲ್ಲಹಳ್ಳಿಯ ಪಾಳೆಯಗಾರ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ. ಬದನೆಕಾಯಿಯೊಂದರಿಂದಲೇ ಅವನು ಮಾಡಿಸುವ ಬಗೆಗಳನ್ನು ನೋಡಿದರೆ, ಅದು ಕೇವಲ ಊಟಕ್ಕೆ ಕೂತವನ ಬರಹವಲ್ಲ, ಒಲೆಯ ಪಕ್ಕದಲ್ಲಿ ನಿಂತು ನೋಡಿದವನದು ಎನಿಸುತ್ತದೆ. 18ನೇ ಶತಮಾನದ ಹೊಸ್ತಿಲಲ್ಲಿ ಕೆಳದಿಯ ಬಸವಪ್ಪ ನಾಯಕನ ‘ಶಿವತತ್ತ್ವರತ್ನಾಕರ’ದಲ್ಲೂ ಅಡುಗೆಗೆ ಜಾಗವಿದೆ. ಕತ್ತಿ ಹಿಡಿದ ಕೈಗಳೇ ಈ ಪುಸ್ತಕಗಳನ್ನು ಬರೆದವು. ಒಗ್ಗರಣೆಯ ಬಗ್ಗೆ ಬರೆದರೆ ಜನ ಏನೆಂದಾರು ಎಂಬ ಅಳುಕು ಅವರಿಗೆ ಇದ್ದಂತಿಲ್ಲ.

ಹಾಗಾದರೆ ಈಗಿನ ಪ್ರಶ್ನೆ ಹುಟ್ಟಿದ್ದೆಲ್ಲಿ? ಉತ್ತರ ಹುಡುಕಲು ನಾವು ಇರುವ ಈ ಊರುಗಳಿಗೇ ಬರಬೇಕು. ಮುಂಬಯಿ, ಮದರಾಸು, ಪುಣೆಗಳಿಗೆ ನಮಗಿಂತ ಮೊದಲು ಬಂದ ಕನ್ನಡಿಗರಲ್ಲಿ, ತುಳುವರಲ್ಲಿ, ಕೊಂಕಣಿಗರಲ್ಲಿ ಅದೆಷ್ಟೋ ಮಂದಿ ಅಡುಗೆಮನೆಯ ಬಾಗಿಲಿನಿಂದಲೇ ಊರೊಳಗೆ ಹೊಕ್ಕವರು. ಮಾಟುಂಗಾ ಸ್ಟೇಷನ್ನಿನ ಎದುರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರು ಹೋಟೆಲಿನ ಅಡುಗೆಮನೆಗಳಲ್ಲಿ ದುಡಿದು ಮೇಲೆ ಬಂದವರು. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕಡಂದಲೆ ಕೃಷ್ಣರಾಯರು ಶುರುಮಾಡಿದ್ದು ಉಡುಪಿಯ ಮಠದ ಅಡುಗೆಮನೆಯ ಕೈಯಾಳಾಗಿ. ಗೆದ್ದವರ ಹೆಸರು ಬೋರ್ಡಿನ ಮೇಲೆ ಉಳಿಯಿತು. ಅವರಂತೆಯೇ ಬಸ್ಸು, ಹಡಗು ಹತ್ತಿ ಬಂದ ಮಿಕ್ಕ ಹುಡುಗರು ಲೋಟ ತೊಳೆಯುತ್ತ, ಟೇಬಲ್ ಒರೆಸುತ್ತ, ಹಿಟ್ಟು ರುಬ್ಬುತ್ತ ಉಳಿದರು. ದಿನವಿಡೀ ದುಡಿದು ಸಂಜೆ ಪಾಟಿಚೀಲ ಹಿಡಿದು ಹೋಗುತ್ತಿದ್ದ ಅವರಿಗಾಗಿಯೇ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳು ನಡೆದವು. ಇವರಲ್ಲಿ ಅಡುಗೆಯ ಮೇಲಿನ ಪ್ರೀತಿಯಿಂದ ಬಂದವರು ಎಷ್ಟು ಮಂದಿ? ಮನೆಯಲ್ಲಿ ಬಡತನ, ಹೋಟೆಲಿನಲ್ಲಾದರೆ ಎರಡು ಹೊತ್ತಿನ ಊಟವಾದರೂ ಖಾತ್ರಿ ಎಂಬುದೇ ಲೆಕ್ಕ. ಭಟ್ಟರ ಕೈಯಡುಗೆ ಎಲ್ಲರಿಗೂ ನಡೆಯುತ್ತದೆ ಎಂಬ ಜಾತಿಯ ಲೆಕ್ಕವೂ ಅದಕ್ಕೆ ಸೇರಿತ್ತು. ಹೋಟೆಲುಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಆದ್ದರಿಂದ ‘ನಮ್ಮ ಉಡುಪಿಯ ಗಂಡುಮಕ್ಕಳು ಹಿಂದಿನಿಂದಲೂ ಅಡುಗೆ ಮಾಡಿದವರೇ’ ಎಂದು ಎದೆ ತಟ್ಟಿಕೊಳ್ಳುವಾಗ ಸ್ವಲ್ಪ ಮೆಲ್ಲಗೆ ತಟ್ಟಿಕೊಳ್ಳುವುದು ಒಳ್ಳೆಯದು.

ನನ್ನ ಅಜ್ಜನ ತಮ್ಮ ಹೀಗೆ ಬಂದವರಲ್ಲಿ ಒಬ್ಬರು. ಮುಂಬಯಿಯ ಹೋಟೆಲೊಂದರ ಅಡುಗೆಮನೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಇದ್ದರು. ಬೆಳಗಿನ ನಾಲ್ಕಕ್ಕೆ ಎದ್ದು ಸಾಂಬಾರಿಗೆ ಬೇಳೆ ಇಡುವುದು, ಹತ್ತರವರೆಗೆ ದೋಸೆ ಕಾವಲಿಯ ಮುಂದೆ ನಿಲ್ಲುವುದು. ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಊರಿನಲ್ಲಿ ಅವರು ಅಡುಗೆಮನೆಯ ಹೊಸ್ತಿಲು ದಾಟಿದ್ದನ್ನು ಕಂಡವರಿಲ್ಲ. ಕುಡಿಯುವ ನೀರಿನ ಲೋಟ ಕೂಡ ಜಗಲಿಗೇ ಬರಬೇಕು. ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ ಚಿಕ್ಕಜ್ಜಿಯ ಹತ್ತಿರ ನಾನು ಸುಮ್ಮನೆ ಕೇಳಿದೆ, ‘ಚಿಕ್ಕಜ್ಜನ ದೋಸೆ ಅಷ್ಟು ಒಳ್ಳೆಯದಿತ್ತಾ?’ ಅಂತ. ‘ನನಗೆಂಥ ಗೊತ್ತು ಮಗಾ, ಅವರ ಕೈಯದ್ದು ಒಂದು ದೋಸೆ ನಾನು ತಿಂದದ್ದಿಲ್ಲ’ ಅಂದರು. ಆಕ್ಷೇಪದ ದನಿಯೇನೂ ಇರಲಿಲ್ಲ. ಮಳೆ ಬಂತು ಎನ್ನುವ ಹಾಗೆ ಹೇಳಿ ಬೀಡಿ ಕಟ್ಟುವುದನ್ನು ಮುಂದುವರಿಸಿದರು.

ಗಂಡಸಿಗೆ ಯಾವ ಒಲೆ ನಿಷಿದ್ಧವಾಗಿತ್ತು ಎನ್ನುವುದು ಈ ಮಾತಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಅರಮನೆಯ ಒಲೆ, ಮಠದ ಒಲೆ, ಮದುವೆಮನೆಯ ಕೋಡಿ ಒಲೆ, ಹೋಟೆಲಿನ ಒಲೆ, ಯಾವುದಕ್ಕೂ ಅಡ್ಡಿಯಿಲ್ಲ. ಅಲ್ಲೆಲ್ಲ ಸಂಬಳವೋ ಸಂಭಾವನೆಯೋ ಪುಣ್ಯವೋ ಕೀರ್ತಿಯೋ ಒಂದಿಲ್ಲೊಂದು ಸಿಗುತ್ತಿತ್ತು. ಏನೂ ಸಿಗದಿರುವುದು, ದಿನಾ ಎದ್ದು ಮಾಡಬೇಕಾದದ್ದು, ಯಾರೂ ನೆನಪಿಡದೇ ಇರುವುದು ಮನೆಯ ಒಲೆ. ಅದನ್ನು ಮಾತ್ರ ಹೆಂಗಸಿಗೆ ಬಿಟ್ಟರು.

ಹೆಂಗಸು ಸಂಬಳಕ್ಕೆ ಅಡುಗೆ ಮಾಡಿದಾಗಲಾದರೂ ಏನಾಯಿತು ನೋಡಿ. ಮುಂಬಯಿಯ ಗಿರಣಗಾಂವಿನಲ್ಲಿ, ಲಾಲ್‌ಬಾಗ್, ಪರೇಲ್ ಚಾಳುಗಳಲ್ಲಿ, ಗಿರಣಿ ಕಾರ್ಮಿಕರಿಗೆ ಊಟ ಹಾಕುತ್ತಿದ್ದವರು ಖಾನಾವಳಿಯ ಬಾಯಿಯರು. ಹತ್ತು ಬೈ ಹತ್ತರ ಖೋಲಿಯಲ್ಲಿ, ಗಿರಣಿಯ ಪಾಳಿಗೆ ತಕ್ಕಂತೆ, ಒಂದೇ ಒಲೆಯಲ್ಲಿ ಸ್ವಂತ ಮನೆಯ ಅಡುಗೆಯೂ ಗಿರಾಕಿಗಳ ಅಡುಗೆಯೂ ಬೇಯುತ್ತಿತ್ತು. ಗಂಡಸರು ಇದನ್ನೇ ಮಾಡಿದಾಗ ಹೋಟೆಲ್ ಉದ್ಯಮ ಎಂಬ ಹೆಸರು ಬಂತು, ಸಂಘಗಳು ಹುಟ್ಟಿದವು. ಈ ಹೆಂಗಸರಿಗೆ ರೇಷನ್ ಅಂಗಡಿಯವನ, ಬಡ್ಡಿ ಸಾಲದವನ ಕೈಯೇ ಗತಿಯಾಗಿತ್ತು. 1975ರಲ್ಲಿ ಪ್ರೇಮಾ ಪುರವ್ ಅವರು ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಬ್ಯಾಂಕಿನ ಸಾಲ ಕೊಡಿಸುವವರೆಗೆ ಅವರದು ದುಡಿಮೆ ಎಂದೇ ಯಾರೂ ಬರೆದುಕೊಂಡಿರಲಿಲ್ಲ. ನಮ್ಮ ಹುಬ್ಬಳ್ಳಿ–ಧಾರವಾಡದ ಖಾನಾವಳಿಗಳಲ್ಲೂ ಗಲ್ಲಾಪೆಟ್ಟಿಗೆಯ ಹಿಂದೆ ಯಾರು, ಒಳಗೆ ರೊಟ್ಟಿ ಬಡಿಯುವವರು ಯಾರು ಎಂದು ಊಟಕ್ಕೆ ಕೂತಾಗ ಕಿವಿಗೊಟ್ಟರೆ ತಿಳಿಯುತ್ತದೆ.

ಇದೇ ಕಾಲಕ್ಕೆ ಅಡುಗೆ ಪುಸ್ತಕದ ಓದುಗರೂ ಬದಲಾದರು. ಮಂಗರಸ ಯಾವ ನವವಧುವಿಗಾಗಿಯೂ ಬರೆದಿರಲಿಲ್ಲ. 1951ರಲ್ಲಿ ಮದರಾಸಿನಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ ತಮಿಳಿನಲ್ಲಿ ತಂದ ‘ಸಮೈತ್ತುಪ್ಪಾರ್’ ಹೊಸದಾಗಿ ಮದುವೆಯಾದ ಹುಡುಗಿಯರ ಕೈಪಿಡಿಯಾಯಿತು. ಮುಂಬಯಿಯ ಸಾರಸ್ವತ ಮಹಿಳಾ ಸಮಾಜದ ‘ರಸಚಂದ್ರಿಕಾ’ ಕೂಡ ಎಷ್ಟೋ ಮದುಮಗಳ ಪೆಟ್ಟಿಗೆಯಲ್ಲಿ ಗಂಡನ ಮನೆಗೆ ಹೋಯಿತು. ಕೂಡುಕುಟುಂಬ ಒಡೆದು, ಗಂಡನ ಕೆಲಸದ ಹಿಂದೆ ಊರು ಬಿಟ್ಟು ಬಂದ ಹುಡುಗಿಗೆ ಪಕ್ಕದಲ್ಲಿ ಅಮ್ಮನೂ ಇಲ್ಲ, ಅತ್ತೆಯೂ ಇಲ್ಲ. ಪುಸ್ತಕವೇ ಅವಳಿಗೆ ಆಸರೆ. ನಮ್ಮಂಥ ವಲಸಿಗರ ಮನೆಗಳಲ್ಲೇ ಈ ಪುಸ್ತಕಗಳಿಗೆ ಹೆಚ್ಚು ಎಣ್ಣೆಕಲೆ. ಅದೇ ಹುಡುಗಿಯ ಜೊತೆ ಅದೇ ರೈಲಿನಲ್ಲಿ ಬಂದ ಹುಡುಗನಿಗೂ ಹಸಿವು ಅಷ್ಟೇ ಇತ್ತು, ಅಮ್ಮ ಅಷ್ಟೇ ದೂರ ಇದ್ದಳು. ಅವನಿಗೆಂದು ಯಾರೂ ಪುಸ್ತಕ ಬರೆಯಲಿಲ್ಲ. ಶಾಲೆ–ಕಾಲೇಜುಗಳಲ್ಲೂ ಗೃಹವಿಜ್ಞಾನ ಹುಡುಗಿಯರ ವಿಷಯವಾಯಿತು. ಆ ಶಿಕ್ಷಣಕ್ಕೆ ಹೆಸರಾದ ದಿಲ್ಲಿಯ ಲೇಡಿ ಇರ್ವಿನ್ ಕಾಲೇಜು 1932ರಲ್ಲಿ ಆರಂಭವಾದದ್ದೇ ಮಹಿಳಾ ಕಾಲೇಜಾಗಿ.

ಒಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. ದಾದರಿನ ಕೇಟರಿಂಗ್ ಕಾಲೇಜು ಎಂದು ಮುಂಬಯಿಯವರಿಗೆಲ್ಲ ಗೊತ್ತಿರುವ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆ 1954ರಲ್ಲಿ ಶುರುವಾದದ್ದು ಲೀಲಾವತಿ ಮುನ್ಶಿಯವರ ಮುಂದಾಳ್ತನದಲ್ಲಿ, ಒಂದು ಮಹಿಳಾ ಆಹಾರ ಮಂಡಳಿಯಿಂದ. ಬಿಳಿ ಟೋಪಿಯ ಶೆಫ್‌ಗಳ ದೇಶೀ ತರಬೇತಿಗೆ ದಾರಿ ಹಾಕಿದವರು ಹೆಂಗಸರು. 1993ರಲ್ಲಿ ‘ಖಾನಾ ಖಜಾನಾ’ ಬಂದಮೇಲೆ ಸಂಜೀವ್ ಕಪೂರ್ ಮನೆಮನೆಯ ಟೀವಿಯಲ್ಲಿ ನಗುತ್ತ ನಿಂತರು. ಗಂಡಸಿನ ಅಡುಗೆಗೆ ಮತ್ತೆ ಮಾನ ಬಂತು. ಆದರೆ ಆ ಕಾರ್ಯಕ್ರಮವನ್ನು ನೋಡಿ ಕಾಗದದ ಮೇಲೆ ಅಳತೆ ಗೀಚಿಕೊಂಡದ್ದು ನಮ್ಮ ಅಮ್ಮಂದಿರು.

ನಮ್ಮ ತಲೆಮಾರಿನ ಬ್ಯಾಚುಲರ್ ರೂಮುಗಳಲ್ಲಿ ಪಾಳಿಯ ಮೇಲೆ ಅಡುಗೆ ಮಾಡಿದವರಿಗೆ ಕೊರತೆಯಿಲ್ಲ. ಅವರಲ್ಲಿ ಹಲವರ ಸೌಟು ಮದುವೆಯ ವಾರವೇ ಕೆಳಗಿಳಿಯಿತು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ದಿನವೊಂದರಲ್ಲಿ ತೊಡಗಿದ ಹೆಂಗಸರು ಶೇ. 81.2, ಗಂಡಸರು ಶೇ. 26.1. ತೊಡಗಿದವರಲ್ಲೂ ಹೆಂಗಸು ಕಳೆದದ್ದು ಸರಾಸರಿ 299 ನಿಮಿಷ, ಗಂಡಸು 97. ಡ್ಯಾಶ್‌ಬೋರ್ಡಿನಲ್ಲಿ ಇಂಥ ಅಂಕಿ ಬಂದರೆ ನಾವು ತಕ್ಷಣ ಮೀಟಿಂಗ್ ಕರೆಯುವವರು.

ನನ್ನ ಮಗನಿಗೆ ಈಗ ಹತ್ತು ವರ್ಷ. ಏಳನೇ ವಯಸ್ಸಿನಿಂದ ಅವನಿಗೆ ಅಡುಗೆಯ ಹುಚ್ಚು. ಸಾಸಿವೆ ಸಿಡಿಯುವ ಸದ್ದು ಕೇಳಿದರೆ ಹೋಮ್‌ವರ್ಕ್ ಬಿಟ್ಟು ಬರುತ್ತಾನೆ. ಬಂಧುಗಳಿಂದ ಎರಡು ತರದ ಮಾತು ಕೇಳಿದ್ದೇವೆ. ‘ಹೆಣ್ಣುಮಗು ಇಲ್ಲದ ಕೊರತೆ ನೀಗಿತಲ್ಲ’ ಎನ್ನುವುದು ಒಂದು. ಅದಕ್ಕೆ ಉತ್ತರ ಕೊಡುವುದು ಸುಲಭ. ಇನ್ನೊಂದು ಮೆಚ್ಚಿಕೆಯ ಮಾತು: ‘ಬಿಡಿ, ಮುಂದೆ ದೊಡ್ಡ ಶೆಫ್ ಆಗ್ತಾನೆ, ಫೈವ್‌ಸ್ಟಾರ್ ಹೋಟೆಲಲ್ಲಿ ಎಷ್ಟು ಸಂಬಳ ಗೊತ್ತಾ?’ ನನಗೆ ಹೆಚ್ಚು ತೊಡಕೆನಿಸುವುದು ಇದು. ಹುಡುಗನ ಅಡುಗೆಪ್ರೀತಿಯನ್ನು ಒಪ್ಪಿಕೊಳ್ಳಲು ಅದರ ತಲೆಗೊಂದು ಬಿಳಿ ಟೋಪಿ ಇಡಲೇಬೇಕು ಎಂದಾದರೆ ನಾವು ಚಿಕ್ಕಜ್ಜನ ಜಗಲಿಯಿಂದ ಇಳಿದೇ ಇಲ್ಲ. ಹಾಡುವ ಮಗಳನ್ನು ಕಂಡು ಎಷ್ಟು ಸಂಬಳ ಬರಬಹುದು ಎಂದು ಯಾರೂ ಲೆಕ್ಕ ಹಾಕುವುದಿಲ್ಲವಲ್ಲ.

ಮಹಾರಾಷ್ಟ್ರದ ಬಾಲಭಾರತಿ 2019ರಲ್ಲಿ ಎರಡನೇ ತರಗತಿಯ ಪಠ್ಯದ ಚಿತ್ರಗಳನ್ನು ಬದಲಿಸಿತು. ಗಂಡ–ಹೆಂಡತಿ ಇಬ್ಬರೂ ಕೂತು ತರಕಾರಿ ಸೋಸುವ ಚಿತ್ರ ಬಂತು. 2024ರಲ್ಲಿ ಕೇರಳದ ಮೂರನೇ ತರಗತಿಯ ಪುಸ್ತಕದಲ್ಲಿ ಅಪ್ಪ ತೆಂಗಿನಕಾಯಿ ತುರಿಯುತ್ತ ಕೂತ. ಈ ಚಿತ್ರಗಳಲ್ಲಿ ನನಗೆ ಹಿಡಿಸಿದ್ದು ಯಾರ ತಲೆಯ ಮೇಲೂ ಟೋಪಿ ಇಲ್ಲದಿರುವುದು. ಸೋಸುವುದು, ತುರಿಯುವುದು ಫೋಟೋ ತೆಗೆಸಿಕೊಳ್ಳುವ ಕೆಲಸಗಳಲ್ಲ.

ನಮ್ಮ ಮನೆಯಲ್ಲಿ ಭಾನುವಾರದ ಸ್ಪೆಷಲ್ಲನ್ನು ಅವನಿಗೆ ಕೊಟ್ಟಿಲ್ಲ. ಭಾನುವಾರ ಅಡುಗೆ ಮಾಡಿ ಚಪ್ಪಾಳೆ ಗಿಟ್ಟಿಸುವ ಗಂಡಸರು ಈ ಅಪಾರ್ಟ್‌ಮೆಂಟಿನಲ್ಲಿ ಬೇಕಾದಷ್ಟಿದ್ದಾರೆ. ಅವನ ಪಾಲಿಗೆ ಬಂದದ್ದು ಮಂಗಳವಾರದ ರಾತ್ರಿಯ ಸಾರು. ಪಕ್ಕದಲ್ಲಿ ನಮ್ಮಲ್ಲಿ ಒಬ್ಬರು ನಿಂತಿರುತ್ತೇವೆ. ಬೇಳೆ ತೊಳೆಯುವುದರಿಂದ ಹಿಡಿದು ಕೊನೆಗೆ ಸಿಂಕಿನ ಪಾತ್ರೆಯವರೆಗೆ ಎಲ್ಲ ಅವನದೇ. ಪಾತ್ರೆ ಬಂದಾಗ ಮುಖ ಗಂಟಿಕ್ಕುತ್ತಾನೆ. ಅದು ಯಾರಿಗಾದರೂ ಬರುವ ಗಂಟೇ. ಹೋದ ತಿಂಗಳು ಊರಿನಿಂದ ಚಿಕ್ಕಜ್ಜಿ ಬಂದಿದ್ದರು. ಮಂಗಳವಾರ ಹುಳಿ ಸ್ವಲ್ಪ ಮುಂದಾಗಿತ್ತು. ಅವರು ಎರಡು ಸಲ ಹಾಕಿಸಿಕೊಂಡು, ಬೆಲ್ಲ ಒಂದು ಚೂರು ಸಾಲದು ಎಂದು ಅವನಿಗೆ ಹೇಳಿದರು.