ಮಾಯಕೋವ್‌ಸ್ಕಾಯಾ ಮೆಟ್ರೊ ನಿಲ್ದಾಣ

ಮಾಸ್ಕೋದ ಜಮಾಸ್ಕ್ವೊರೆತ್ಸ್ಕಾಯಾ ಮಾರ್ಗದಲ್ಲಿ, ನೆಲದಿಂದ ಸುಮಾರು 33 ಮೀಟರ್ ಆಳದಲ್ಲಿರುವ ನಿಲ್ದಾಣ. 1938ರ ಸೆಪ್ಟೆಂಬರ್ 11ರಂದು ಸಂಚಾರಕ್ಕೆ ತೆರೆಯಿತು. ಹೆಸರು ಕವಿ ವ್ಲಾದಿಮಿರ್ ಮಾಯಕೋವ್‌ಸ್ಕಿಯದು. ವಾಸ್ತುಶಿಲ್ಪಿ ಅಲೆಕ್ಸಿ ದುಷ್ಕಿನ್.

ಅಷ್ಟು ಆಳದಲ್ಲಿ ಮಣ್ಣಿನ ಭಾರ ಹೊರಲು ಆವರೆಗೆ ದಪ್ಪ ಗೋಡೆಗಂಬಗಳೇ ಬೇಕೆಂದು ಎಣಿಸಲಾಗಿತ್ತು. ಇಲ್ಲಿ ಉಕ್ಕಿನ ತೆಳು ಕಂಬಗಳು ಆ ಭಾರ ಹೊತ್ತವು. ಮೂರು ಅಂಕಣಗಳೂ ಒಂದೇ ವಿಶಾಲ ಹಜಾರದಂತೆ ತೆರೆದುಕೊಂಡವು. ಕಂಬ, ಕಮಾನುಗಳಿಗೆ ಹೊದಿಸಿದ ಏಣುಗೆರೆಗಳ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗಳು ತಯಾರಾದದ್ದು ವಾಯುನೌಕೆಗಳ ಕಾರ್ಖಾನೆಯಲ್ಲಿ. ಕಂಬಗಳ ಅಂಚಿಗೆ ಗುಲಾಬಿ ಬಣ್ಣದ ರೋಡೊನೈಟ್ ಕಲ್ಲಿದೆ. ಸ್ಟಾಲಿನ್ ಕಾಲದ ಮುಂದಿನ ನಿಲ್ದಾಣಗಳ ಆಡಂಬರದ ಎದುರು ಈ ಮಿತವ್ಯಯದ ಸೊಬಗೇ ಹೆಚ್ಚು ಕಾಲ ಬಾಳಿದೆ ಎನ್ನಬೇಕು.

ಚಾವಣಿಯ ಅಂಡಾಕಾರದ ಗುಮ್ಮಟಗಳೊಳಗೆ ಅಲೆಕ್ಸಾಂದರ್ ದೈನೆಕಾ ರೂಪಿಸಿದ 34 ಮೊಸಾಯಿಕ್ ಚಿತ್ರಗಳಿವೆ. ವಸ್ತು, ಸೋವಿಯತ್ ನಾಡಿನ ಒಂದು ಹಗಲು, ಒಂದು ಇರುಳು: ವಿಮಾನ, ಪ್ಯಾರಾಚೂಟ್, ಹಣ್ಣುಮರ, ಆಟಗಾರರು. ಎಲ್ಲವೂ ಕೆಳಗಿನಿಂದ ಆಕಾಶ ನೋಡಿದ ಕೋನದಲ್ಲಿವೆ. ಕತ್ತೆತ್ತದೆ ನಡೆವ ಪ್ರಯಾಣಿಕರಿಗೆ ಇವು ಕಾಣುವುದೇ ಇಲ್ಲ.

1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ನಿಲ್ದಾಣದ ಮಾದರಿ ಪ್ರದರ್ಶನಗೊಂಡು ಅತ್ಯುನ್ನತ ಬಹುಮಾನ ಪಡೆಯಿತು. ಯುದ್ಧಕಾಲದಲ್ಲಿ ಇದು ಜನರಿಗೆ ಬಾಂಬ್ ದಾಳಿಯಿಂದ ಆಶ್ರಯವಾಯಿತು. ಜರ್ಮನ್ ಸೇನೆ ಮಾಸ್ಕೋದ ಸಮೀಪಕ್ಕೆ ಬಂದಿದ್ದಾಗ, 1941ರ ನವೆಂಬರ್ 6ರಂದು, ಅಕ್ಟೋಬರ್ ಕ್ರಾಂತಿಯ ವಾರ್ಷಿಕೋತ್ಸವದ ಸಭೆ ಇಲ್ಲೇ ನಡೆದು ಸ್ಟಾಲಿನ್ ಭಾಷಣ ಮಾಡಿದ. 2005ರಲ್ಲಿ ಎರಡನೆಯ ದ್ವಾರ ತೆರೆಯಿತು.