ಪುಟದ ಅಡಿಯಲ್ಲೊಂದು ಹಳದಿ ಬಿಲ್ಲೆ

ಹಳೇ ವೆಬ್ ತಾಣಗಳ ಅಡಿಯಲ್ಲಿ ಪುಟ್ಟದೊಂದು ಹಳದಿ ಬಿಲ್ಲೆ ಇರುತ್ತಿತ್ತು, ನೆನಪಿದೆಯಾ? ‘ಡಬ್ಲ್ಯು3ಸಿ ಎಕ್ಸ್‌ಎಚ್‌ಟಿಎಂಎಲ್ 1.0’ ಅಂತ. 88 ಪಿಕ್ಸೆಲ್ ಅಗಲ, 31 ಪಿಕ್ಸೆಲ್ ಎತ್ತರ. ತಮಾಷೆ ಅಂದರೆ ‘ನೆಟ್‌ಸ್ಕೇಪ್ ನೌ’ ಎಂಬ ಜಾಹೀರಾತು ಗುಂಡಿಯ ಅಳತೆಯೂ ಅದೇ!

ತೊಂಬತ್ತರ ದಶಕದ ಕೊನೆಯಲ್ಲಿ ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟ್ ಹಟಕ್ಕೆ ಬಿದ್ದಿದ್ದವು. ಇವರದ್ದು ಮಿಣುಕುವ ಅಕ್ಷರ, ಅವರದ್ದು ಓಡುವ ಅಕ್ಷರ. ‘ಈ ತಾಣವನ್ನು ಇಂಥ ಬ್ರೌಸರಿನಲ್ಲೇ ನೋಡಿ’ ಎಂಬ ಅಪ್ಪಣೆ ಎಲ್ಲೆಲ್ಲೂ. 1994ರಲ್ಲಿ ಟಿಮ್ ಬರ್ನರ್ಸ್-ಲೀ ಕಟ್ಟಿದ ಡಬ್ಲ್ಯು3ಸಿ ನಿಯಮ ಬರೆಯಬಹುದಿತ್ತು, ದಂಡ ಹಾಕುವಂತಿರಲಿಲ್ಲ. ಬಿಲ್ಲೆಯ ಬೆಲೆ ಇರುವುದು ಇಲ್ಲೇ.

ಅದನ್ನು ಯಾರೂ ಯಾರಿಗೂ ಪ್ರದಾನ ಮಾಡುತ್ತಿರಲಿಲ್ಲ. ವ್ಯಾಲಿಡೇಟರಿಗೆ ಪುಟ ಕೊಡಿ, ತಪ್ಪಿಲ್ಲದಿದ್ದರೆ ನೀವೇ ಅಂಟಿಸಿಕೊಳ್ಳಿ. ಆದರೆ ಓದುಗ ಅದರ ಮೇಲೆ ಕ್ಲಿಕ್ಕಿಸಿದರೆ ಆ ಕ್ಷಣವೇ ಮರುಪರೀಕ್ಷೆ! ಕೊಂಡಿಯೊಳಗೆ ಒಂದು ಆಂಪರ್‌ಸ್ಯಾಂಡನ್ನು ಹಾಗೇ ಬಿಟ್ಟಿದ್ದರೂ ಸಾಕು, ನಪಾಸು. ಸುಳ್ಳು ಹೇಳಿದರೆ ಸಿಕ್ಕಿಬೀಳುವ ವ್ಯವಸ್ಥೆಯನ್ನೂ ಜೊತೆಗೇ ಹೊತ್ತ ಜಂಬ ಇದು, ಅದಕ್ಕೇ ನನಗಿಷ್ಟ. 2003ರಲ್ಲಿ ಒಬ್ಬರು ಎಕ್ಸ್‌ಎಚ್‌ಟಿಎಂಎಲ್ ಎಂದು ಹೇಳಿಕೊಳ್ಳುವ 119 ತಾಣಗಳ ಮುಖಪುಟ, ಒಳಪುಟ, ಸರ್ವರ್ ಕಳಿಸುವ ರೀತಿ ಮೂರನ್ನೂ ಪರೀಕ್ಷಿಸಿದರು. ಪಾಸಾದದ್ದು ಒಂದೇ ಒಂದು :-)

ನಮ್ಮ ಕನ್ನಡದ ಕತೆ ಇನ್ನೂ ವಿಚಿತ್ರ. ಯೂನಿಕೋಡಿಗೆ ಮೊದಲು ಬಹುತೇಕ ಕನ್ನಡ ತಾಣಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕು ಕೂರಿಸಿದ ತಮ್ಮದೇ ಫಾಂಟ್ ಬಳಸುತ್ತಿದ್ದವು. ಆ ಫಾಂಟ್ ಇಲ್ಲದವರ ಕಣ್ಣಿಗೆ ಬರೀ ಕಸ. ಹುಡುಕಿದರೆ ಸಿಗುತ್ತಿರಲಿಲ್ಲ, ನಕಲು ಮಾಡಿದರೆ ಅರ್ಥವಿಲ್ಲ. ಅಂಥ ಪುಟಕ್ಕೂ ಈ ಬಿಲ್ಲೆ ಸಿಗಬಹುದಿತ್ತು! ತೆರೆದ ಟ್ಯಾಗ್ ಮುಚ್ಚಿದೆಯೇ ಎಂದು ನೋಡುವ ಯಂತ್ರಕ್ಕೆ ಒಳಗಿರುವುದು ಕನ್ನಡವೋ ಕಸವೋ ಹೇಗೆ ಗೊತ್ತಾಗಬೇಕು? ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡವಿತ್ತು. ಆದರೂ ತುಂಗಾ ಫಾಂಟಿನೊಡನೆ ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರಲ್ಲಿ. ಬರೆದದ್ದು ಎಲ್ಲರಿಗೂ ಕಾಣಲಿ ಎಂಬ ಬಿಲ್ಲೆಯ ಆಸೆಯನ್ನು ನಮ್ಮ ಪಾಲಿಗೆ ನಿಜಮಾಡಿದ್ದು ಬಿಲ್ಲೆಯಲ್ಲ, ಯೂನಿಕೋಡ್.

2014ರಲ್ಲಿ ಎಚ್‌ಟಿಎಂಎಲ್5 ಅಧಿಕೃತವಾಯಿತು, ಬಿಲ್ಲೆ ಹಚ್ಚುವವರು ಕಡಿಮೆಯಾದರು. ಹಳೇ ತಾಣಗಳಲ್ಲಿ ಉಳಿದವೂ ಈಗ ಪೂರ್ತಿ ನಂಬಿಕಸ್ಥವಲ್ಲ: 2020ರಿಂದ ಕ್ರೋಮ್, ಕೊಂಡಿ ಒತ್ತಿದವರು ಯಾವ ಪುಟದಿಂದ ಬಂದರೆಂದು ಬೇರೆ ತಾಣಕ್ಕೆ ಪೂರ್ತಿ ಹೇಳುವುದಿಲ್ಲ, ತಾಣದ ಹೆಸರಷ್ಟೇ ಹೇಳುತ್ತದೆ. ಹಾಗಾಗಿ ಒಳಪುಟದ ಬಿಲ್ಲೆ ಒತ್ತಿದರೆ ಪರೀಕ್ಷೆ ಆಗುವುದು ಮುಖಪುಟಕ್ಕೆ.