ಆರಡಿಯ ರೋಗಶಯ್ಯೆ

ಜಪಾನಿನ ‘ನಿಪ್ಪೊನ್’ ಪತ್ರಿಕೆಯಲ್ಲಿ ೧೯೦೨ರ ಮೇ ೫ರಂದು ‘ಆರಡಿಯ ರೋಗಶಯ್ಯೆ’ ಎಂಬರ್ಥದ ಹೆಸರಿನ ಲೇಖನಮಾಲೆಯೊಂದು ಮೊದಲಾಯಿತು. ಬರೆದಾತ ಕವಿ ಮಸಾವೊಕ ಶಿಕಿ. ವಯಸ್ಸು ಇನ್ನೂ ಮೂವತ್ತೈದು ತುಂಬಿರಲಿಲ್ಲ. ಕ್ಷಯವು ಬೆನ್ನುಮೂಳೆಯನ್ನು ಹೊಕ್ಕಿತ್ತು. ಏಳುವುದಿರಲಿ, ಮಗ್ಗುಲು ಬದಲಿಸುವುದೂ ಯಾತನೆಯಾಗಿತ್ತು.

ಲೋಕವೆಲ್ಲ ಹಾಸಿಗೆಯಷ್ಟಕ್ಕೇ ಇಳಿದವನಿಗೆ ನಿತ್ಯವೂ ಬರೆಯಲು ಏನಿದ್ದೀತು? ಕಂಡದ್ದನ್ನು ಕಂಡಂತೆ ಬರೆಯಬೇಕೆಂಬ ಪಾಠವನ್ನು ಶಿಕಿ ಹಿಂದೆಯೇ ಚಿತ್ರಕಾರ ನಕಮುರ ಫುಸೆತ್ಸುವಿನಿಂದ ಕಲಿತಿದ್ದ. ಸವಕಲಾಗಿದ್ದ ಹೈಕುವಿಗೆ ಅವನು ಹೊಸ ಜೀವ ತುಂಬಿದ್ದೂ ಅದರಿಂದಲೇ. ಈಗ ಅದೇ ಅವನ ಕೈಹಿಡಿಯಿತು. ೧೮೯೯ರಲ್ಲಿ ಶಿಷ್ಯ ಕ್ಯೊಷಿ ಹಾಕಿಸಿಕೊಟ್ಟಿದ್ದ ಗಾಜಿನ ಬಾಗಿಲಿನಾಚೆ ಪುಟ್ಟ ಹಿತ್ತಿಲಿತ್ತು. ಅಲ್ಲಿನ ಹೂಗಿಡ, ಓದಿದ ಪುಸ್ತಕ, ನೋಡಿದ ಚಿತ್ರ, ಕೊನೆಗೆ ತನ್ನ ನೋವು—ಎಲ್ಲವೂ ಬರಹಕ್ಕೆ ವಸ್ತುವಾದವು. ಅದೇ ವರ್ಷ ಮಲಗಿದಲ್ಲಿಂದಲೇ ಹಣ್ಣು ಹೂಗಳನ್ನು ಬಣ್ಣದಲ್ಲಿ ಚಿತ್ರಿಸಿದ.

ರೋಗಿಗೆ ಆಯಾಸವಾದೀತೆಂದು ಸಂಪಾದಕರು ಒಮ್ಮೆ ಅವನ ಬರಹವನ್ನು ಬಿಟ್ಟು ಪತ್ರಿಕೆ ಅಚ್ಚು ಹಾಕಿಸಿದರು. ಬೆಳಗ್ಗೆ ಅದನ್ನು ಕಾಣದೆ ಶಿಕಿ ಅತ್ತುಬಿಟ್ಟನಂತೆ. ತನ್ನ ಜೀವವೇ ಆ ಬರಹದಲ್ಲಿದೆಯೆಂದು ಕಾಗದ ಬರೆದ. ಕರುಣೆಯಿಂದ ಕೊಟ್ಟ ಬಿಡುವು ಅವನಿಗೆ ಶಿಕ್ಷೆಯಾಗಿತ್ತು.

ಸೆಪ್ಟೆಂಬರ್ ೧೭ರಂದು ೧೨೭ನೆಯ ಕಂತು ಅಚ್ಚಾಯಿತು. ಮರುದಿನ ತುಪ್ಪದ ಹೀರೆಯನ್ನು ಕುರಿತು ಮೂರು ಹೈಕು ಬರೆದ. ಆ ಬಳ್ಳಿಯ ನೀರು ಕಫಕ್ಕೆ ಮದ್ದೆಂದು ಅಲ್ಲಿನವರ ನಂಬಿಕೆ. ೧೯ರಂದು ಬೆಳಗಾಗುವ ಮೊದಲೇ ತೀರಿಕೊಂಡ.

ಬರಹದಿಂದ ಅವನ ರೋಗವೇನೂ ವಾಸಿಯಾಗಲಿಲ್ಲ. ಆದರೆ ಆ ನಾಲ್ಕೂವರೆ ತಿಂಗಳಲ್ಲಿ ಅವನ ಒಂದು ದಿನ ಇನ್ನೊಂದರಂತೆ ಕಳೆಯಲಿಲ್ಲ.